‘ಕಕೆರು’ ಅಂದರೆ ‘ಹಾಕು’: ಒಂದು ಜಪಾನಿ ಪದವನ್ನು ವಾಕ್ಯಕ್ಕೆ ತರುವುದು ಹೇಗೆ?

ಪ್ರಶ್ನೆ: ಮೇಡಂ, ನಾನು ಹಾಸನದ ಕಡೆಯವಳು. ನರ್ಸಿಂಗ್ ಮುಗಿಸಿ ಈಗ ಬೆಂಗಳೂರಿನಲ್ಲಿ ಜಪಾನಿ ಕಲಿಯುತ್ತಿದ್ದೇನೆ. ಡಿಸೆಂಬರ್‌ನಲ್ಲಿ ಜಪಾನಿ ಭಾಷಾ ಪರೀಕ್ಷೆಯ ಎನ್4 ಹಂತ ಬರೆದು, ಜಪಾನಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಬೇಕೆಂದಿದ್ದೇನೆ. ದಿನಕ್ಕೆ 20 ಪದ ಬಾಯಿಪಾಠ ಮಾಡುತ್ತೇನೆ. ಪಟ್ಟಿಯಲ್ಲಿ ‘ಕಕೆರು’ ಎಂಬ ಕ್ರಿಯಾಪದದ ಮುಂದೆ ಇಂಗ್ಲಿಷ್‌ನಲ್ಲಿ ಹತ್ತು ಅರ್ಥ ಕೊಟ್ಟಿದ್ದಾರೆ: ನೇತುಹಾಕು, ಧರಿಸು, ಫೋನ್ ಮಾಡು, ಸುರಿ, ಕೂರು, ಖರ್ಚು ಮಾಡು, ಗುಣಿಸು, ಹೀಗೆ. ಹತ್ತೂ ನೆನಪಿವೆ. ಆದರೆ ವಾಕ್ಯ ಹೇಳಲು ಹೋದರೆ ಬಾಯಿ ಕಟ್ಟಿಹೋಗುತ್ತದೆ. ಕಳೆದ ವಾರ ತರಗತಿಯಲ್ಲಿ ಮೂರು ವಾಕ್ಯ ಬರೆದೆ. ‘ದೊಅ ಒ ಕಕೆಮಶಿತ’ (ಬಾಗಿಲಿಗೆ ಬೀಗ ಹಾಕಿದೆ), ‘ಬೋಶಿ ಒ ಕಕೆಮಶಿತ’ (ಟೋಪಿ ಹಾಕಿಕೊಂಡೆ), ‘ಕೋಹೀ ನಿ ಸತೋ ಒ ಕಕೆಮಶಿತ’ (ಕಾಫಿಗೆ ಸಕ್ಕರೆ ಹಾಕಿದೆ). ಮೂರೂ ತಪ್ಪು ಅಂದರು. ಒಂದು ಪದ ಬರುತ್ತದೆ ಎಂದು ಯಾವಾಗ ಹೇಳಬಹುದು? ಅದನ್ನು ವಾಕ್ಯದಲ್ಲಿ ಬಳಸಲು ಹೇಗೆ ಕಲಿಯಬೇಕು?

ಉತ್ತರ: ನಿಮ್ಮ ಮೂರು ವಾಕ್ಯಗಳನ್ನು ಎರಡು ಮೂರು ಸಲ ಓದಿದೆ. ಮೂರೂ ಬೇರೆ ಬೇರೆ ಕಾರಣಕ್ಕೆ ತಪ್ಪಾಗಿವೆ. ಆ ಕಾರಣಗಳನ್ನು ಬಿಡಿಸಿ ನೋಡಿದರೆ ನಿಮ್ಮ ಪ್ರಶ್ನೆಯ ಮುಕ್ಕಾಲು ಪಾಲು ಉತ್ತರ ಅಲ್ಲೇ ಸಿಗುತ್ತದೆ.

ಮೊದಲು ಆ ಹತ್ತು ಅರ್ಥಗಳ ವಿಷಯ. ಅವು ಹತ್ತು ಆಗಿರುವುದು ಇಂಗ್ಲಿಷ್‌ನಲ್ಲಿ. ಅದನ್ನು ಸ್ವಲ್ಪ ಪಕ್ಕಕ್ಕಿಟ್ಟು, ಮನೆಯಲ್ಲಿ ನಾವು ಹೇಗೆ ಮಾತಾಡುತ್ತೇವೆ ನೋಡಿ. ಬಾಗಿಲಿಗೆ ಬೀಗ ಹಾಕುತ್ತೇವೆ. ಅಮ್ಮನಿಗೆ ಒಂದು ಫೋನ್ ಹಾಕುತ್ತೇವೆ. ಕನ್ನಡಕ ಹಾಕಿಕೊಳ್ಳುತ್ತೇವೆ. ಹಾಡು ಹಾಕುತ್ತೇವೆ. ಗಾಡಿಗೆ ಬ್ರೇಕ್ ಹಾಕುತ್ತೇವೆ. ಅಂಗಿಗೆ ಇಸ್ತ್ರಿ ಹಾಕುತ್ತೇವೆ. ಗೋಡೆಗೆ ಫೋಟೊ ಹಾಕುತ್ತೇವೆ. ಸರ್ಕಾರ ತೆರಿಗೆ ಹಾಕುತ್ತದೆ. ಮೇಲಿನವರು ಒತ್ತಡ ಹಾಕುತ್ತಾರೆ. ಕಥೆಯಲ್ಲಿ ಋಷಿ ಶಾಪ ಹಾಕುತ್ತಾನೆ, ಮಾಟಗಾತಿ ಮೋಡಿ ಹಾಕುತ್ತಾಳೆ.

ಈಗ ಜಪಾನಿ. ಬೀಗ (ಕಗಿ), ಫೋನ್ (ದೆನ್ವ), ಕನ್ನಡಕ (ಮೆಗನೆ), ಹಾಡು ಅಥವಾ ಸಂಗೀತ (ಒಂಗಕು), ಬ್ರೇಕ್ (ಬುರೇಕಿ), ಇಸ್ತ್ರಿ (ಐರೊನ್), ಗೋಡೆಯ ಚಿತ್ರ (ಎ), ತೆರಿಗೆ (ಜೇ), ಒತ್ತಡ (ಅತ್ಸುರ್ಯೊಕು), ಶಾಪ (ನೊರೊಇ), ಮೋಡಿ (ಮಹೋ). ಈ ಹನ್ನೊಂದಕ್ಕೂ ಜಪಾನಿಯಲ್ಲಿ ಬರುವ ಕ್ರಿಯಾಪದ ಒಂದೇ: ಕಕೆರು. ಹನ್ನೊಂದಕ್ಕೆ ಹನ್ನೊಂದೂ! ನೀವು ಹತ್ತು ಅರ್ಥ ಉರು ಹೊಡೆದಿರಿ. ಆದರೆ ಅವುಗಳಲ್ಲಿ ಮುಕ್ಕಾಲು ಪಾಲು ನಿಮಗೆ ಮೂರು ವರ್ಷದ ಮಗುವಾಗಿದ್ದಾಗಲೇ ಗೊತ್ತಿದ್ದ ಒಂದೇ ಅರ್ಥ.

ಇದರಿಂದ ಕನ್ನಡವೂ ಜಪಾನಿಯೂ ಅಕ್ಕ ತಂಗಿ ಎಂದು ತಿಳಿಯಬೇಡಿ. ಸುಸುಮು ಓನೊ ಎಂಬ ಜಪಾನಿನ ದೊಡ್ಡ ವಿದ್ವಾಂಸರು ಜಪಾನಿಗೂ ತಮಿಳಿಗೂ ನಂಟಿದೆ ಎಂದು ವರ್ಷಗಟ್ಟಲೆ ವಾದಿಸಿದರು. ಹೆಚ್ಚಿನ ಭಾಷಾತಜ್ಞರು ಒಪ್ಪಲಿಲ್ಲ. ನಂಟು ಇರಲಿ ಬಿಡಲಿ, ಕಲಿಯುವವರಿಗೆ ಈ ಹೋಲಿಕೆ ದೊಡ್ಡ ಆಸ್ತಿ. ನಮ್ಮ ಮಕ್ಕಳು ಜಪಾನಿಯನ್ನು ಇಂಗ್ಲಿಷ್ ಮೂಲಕವೇ ಕಲಿತು ಈ ಆಸ್ತಿಯನ್ನು ಮುಟ್ಟದೇ ಬಿಡುತ್ತಾರೆ. ಅದು ನನಗೆ ತುಂಬಾ ಬೇಸರದ ವಿಷಯ.

ಈಗ ನಿಮ್ಮ ಮೊದಲನೇ ವಾಕ್ಯಕ್ಕೆ ಬನ್ನಿ. ‘ದೊಅ ಒ ಕಕೆಮಶಿತ’ ಎಲ್ಲಿಂದ ಬಂತು? ಇಂಗ್ಲಿಷ್‌ನಲ್ಲಿ ಬಾಗಿಲನ್ನೇ ‘ಲಾಕ್’ ಮಾಡುತ್ತಾರೆ. ಅಲ್ಲಿ ಬಾಗಿಲು ಕರ್ಮಪದ. ಅದಕ್ಕೇ ನೀವು ‘ದೊಅ’ ಮುಂದೆ ‘ಒ’ ಇಟ್ಟಿರಿ. ಈ ‘ಒ’ ಅಂದರೆ ನಮ್ಮ ‘ಅನ್ನು’. ಹಾಗಾಗಿ ನೀವು ಬರೆದದ್ದು ‘ಬಾಗಿಲನ್ನು ಹಾಕಿದೆ’ ಎಂದಾಯಿತು. ಕನ್ನಡದಲ್ಲಾದರೆ ಅದಕ್ಕೆ ಬಾಗಿಲು ಮುಚ್ಚಿದೆ ಎಂಬ ಅರ್ಥವಾದರೂ ಬರುತ್ತದೆ. ಜಪಾನಿಯಲ್ಲಿ ಅದೂ ಬರುವುದಿಲ್ಲ. ಬಾಗಿಲನ್ನು ಎಲ್ಲೋ ನೇತುಹಾಕಿದ ಹಾಗೆ ಕೇಳಿಸುತ್ತದೆ. ಅದೇ ನೀವು ಬ್ರಾಕೆಟ್ಟಿನಲ್ಲಿ ಬರೆದ ಕನ್ನಡ ನೋಡಿ: ಬಾಗಿಲಿಗೆ ಬೀಗ ಹಾಕಿದೆ. ಪದಕ್ಕೆ ಪದ ಇಟ್ಟುಕೊಂಡು ಹೋಗಿ. ಬಾಗಿಲು-ಗೆ, ದೊಅ ನಿ. ಬೀಗ-ವನ್ನು, ಕಗಿ ಒ. ಹಾಕಿದೆ, ಕಕೆಮಶಿತ. ‘ದೊಅ ನಿ ಕಗಿ ಒ ಕಕೆಮಶಿತ.’ ಸರಿಯಾದ ಉತ್ತರ ನಿಮ್ಮ ಕೈಯಲ್ಲೇ ಇತ್ತು, ಬ್ರಾಕೆಟ್ಟಿನೊಳಗೆ.

ಇಲ್ಲಿ ‘ನಿ’ ಅಂದರೆ ‘ಗೆ’. ಯಾವುದಕ್ಕೆ ಹಾಕುತ್ತೇವೋ ಅದಕ್ಕೆ ‘ನಿ’, ಏನನ್ನು ಹಾಕುತ್ತೇವೋ ಅದಕ್ಕೆ ‘ಒ’. ಅಂಗಿಗೆ ಇಸ್ತ್ರಿ: ‘ಶತ್ಸು ನಿ ಐರೊನ್ ಒ ಕಕೆರು.’ ಗೋಡೆಗೆ ಚಿತ್ರ: ‘ಕಬೆ ನಿ ಎ ಒ ಕಕೆರು.’ ಅಮ್ಮನಿಗೆ ಫೋನ್: ‘ಹಹ ನಿ ದೆನ್ವ ಒ ಕಕೆರು.’ ಆದ್ದರಿಂದ ನನ್ನ ಮೊದಲ ಸಲಹೆ ಇದು. ‘ಕಕೆರು’ ಎಂಬ ಒಂಟಿ ಪದವನ್ನು ಬಾಯಿಪಾಠ ಮಾಡಬೇಡಿ. ‘ಕಗಿ ಒ ಕಕೆರು’ ಎಂದು ಜೋಡಿಯಾಗಿ ಕಲಿಯಿರಿ. ಒಂಟಿ ಕ್ರಿಯಾಪದ ತಲೆಯಲ್ಲಿ ಕೂತಿರುತ್ತದೆ ಅಷ್ಟೇ, ಬಾಯಿಗೆ ಬರುವುದಿಲ್ಲ. ನಾಮಪದ, ಪ್ರತ್ಯಯ, ಕ್ರಿಯಾಪದ ಮೂರೂ ಒಟ್ಟಿಗೆ ಇದ್ದರೆ ಅದು ಆಗಲೇ ಅರ್ಧ ವಾಕ್ಯ.

ಈಗ ಎರಡನೇ ಮತ್ತು ಮೂರನೇ ವಾಕ್ಯ. ಇಲ್ಲಿ ಕನ್ನಡವನ್ನೂ ಪೂರ್ತಿ ನಂಬಬಾರದು ಎಂಬುದು ಗೊತ್ತಾಗುತ್ತದೆ. ನಾವು ಅಂಗಿ, ಪ್ಯಾಂಟು, ಟೋಪಿ, ಚಪ್ಪಲಿ, ಕನ್ನಡಕ ಎಲ್ಲವನ್ನೂ ಹಾಕಿಕೊಳ್ಳುತ್ತೇವೆ. ಜಪಾನಿಯವರು ಮೈಯನ್ನು ಭಾಗ ಮಾಡಿ ನೋಡುತ್ತಾರೆ. ಮೈಮೇಲಿನ ಬಟ್ಟೆಗೆ, ಅಂದರೆ ಅಂಗಿ, ಕೋಟು, ಕಿಮೊನೊಗೆ, ‘ಕಿರು’. ಸೊಂಟದಿಂದ ಕೆಳಗೆ ಹೋಗುವ ಪ್ಯಾಂಟು, ಕಾಲುಚೀಲ, ಚಪ್ಪಲಿ, ಶೂಗೆ ‘ಹಕು’. ತಲೆಗೆ ಹಾಕುವ ಟೋಪಿಗೆ ‘ಕಬುರು’. ಕನ್ನಡಕಕ್ಕೆ ಮಾತ್ರ ‘ಕಕೆರು’. ಯಾಕೆಂದರೆ ಕನ್ನಡಕ ಕಿವಿಗೆ ಸಿಕ್ಕಿಸಿ ನಿಲ್ಲುವ ವಸ್ತು. ಆದ್ದರಿಂದ ಟೋಪಿಗೆ ನೀವು ಬರೆಯಬೇಕಿದ್ದದ್ದು ‘ಬೋಶಿ ಒ ಕಬುರಿಮಶಿತ.’ (‘ಹಕು’ ನಮ್ಮ ‘ಹಾಕು’ವಿನ ಹಾಗೇ ಕೇಳಿಸುತ್ತದೆ, ಅಲ್ವಾ? ‘ಕುತ್ಸು ಒ ಹಕು’ ಅಂದರೆ ‘ಶೂ ಹಾಕು’. ಇದು ಬರೀ ಕಾಕತಾಳೀಯ. ಆದರೆ ನೆನಪಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆ ದಾರಿ ಬೇಕಾ?)

ಸಕ್ಕರೆಯ ವಾಕ್ಯ ಇನ್ನೂ ಚೆನ್ನಾಗಿದೆ, ಅಲ್ಲಿ ಸ್ವಲ್ಪ ನಿಲ್ಲೋಣ. ಮನೆಯ ಊಟದ ತಟ್ಟೆಯನ್ನೇ ಕಣ್ಣ ಮುಂದೆ ತಂದುಕೊಳ್ಳಿ. ಅನ್ನಕ್ಕೆ ಸಾಂಬಾರ್ ಹಾಕುತ್ತೇವೆ. ಸಾಂಬಾರಿಗೆ ಉಪ್ಪು ಹಾಕುತ್ತೇವೆ. ಕನ್ನಡದಲ್ಲಿ ಎರಡೂ ‘ಹಾಕು’. ಕೈ ಮಾಡುವ ಕೆಲಸ ಮಾತ್ರ ಬೇರೆ. ಸಾಂಬಾರನ್ನು ಸೌಟಿನಿಂದ ಅನ್ನದ ಮೇಲೆ ಸುರಿಯುತ್ತೇವೆ, ಅದು ಅನ್ನದ ಮೇಲೆ ಹರಡಿಕೊಳ್ಳುತ್ತದೆ, ಮೇಲೇ ಕಾಣುತ್ತದೆ. ಉಪ್ಪು ಪಾತ್ರೆಯೊಳಗೆ ಹೋಗಿ ಕರಗಿಬಿಡುತ್ತದೆ. ಮೇಲೆ ಬೀಳುವುದಕ್ಕೆ ಜಪಾನಿಯಲ್ಲಿ ‘ಕಕೆರು’, ಒಳಗೆ ಹೋಗುವುದಕ್ಕೆ ‘ಇರೆರು’. ‘ಗೊಹನ್ ನಿ ಸಂಬರು ಒ ಕಕೆರು’, ‘ಸಂಬರು ನಿ ಶಿಒ ಒ ಇರೆರು.’ ಸಕ್ಕರೆ ಕಾಫಿಯೊಳಗೆ ಹೋಗುತ್ತದೆ. ಆದ್ದರಿಂದ ‘ಕೋಹೀ ನಿ ಸತೋ ಒ ಇರೆಮಶಿತ.’ ನಿಮ್ಮ ಪ್ರತ್ಯಯಗಳೆಲ್ಲ ಸರಿ ಇದ್ದವು, ಕ್ರಿಯಾಪದ ಒಂದೇ ತಪ್ಪಿತ್ತು. ತೋಫು ಮೇಲೆ ಸೋಯಾ ಸಾಸ್ ಹಾಕಿದರೆ ‘ಕಕೆರು’ ಸರಿ: ‘ತೋಫು ನಿ ಶೋಯು ಒ ಕಕೆರು.’ ಜಪಾನಿನ ಅಂಗಡಿಗಳಲ್ಲಿ ‘ಕಕೆ ಉದೊನ್’ ಎಂಬ ತಿಂಡಿ ಸಿಗುತ್ತದೆ. ಬೆಂದ ದಪ್ಪ ಶಾವಿಗೆಯಂಥ ಉದೊನ್ ಮೇಲೆ ಬಿಸಿ ಸಾರು ಹುಯ್ದು ಕೊಡುತ್ತಾರೆ. ಹೆಸರಿನಲ್ಲೇ ಈ ಕ್ರಿಯಾಪದ ಇದೆ.

ಹೀಗೆ ‘ಕಕೆರು’ವಿನ ನಡುವೆ ಇರುವ ಚಿತ್ರ ಒಂದೇ. ಒಂದು ವಸ್ತುವನ್ನು ಇನ್ನೊಂದರ ಮೇಲೆ ಬರುವ ಹಾಗೆ, ತಗುಲುವ ಹಾಗೆ ಮಾಡುವುದು. ಹೊದಿಕೆಯನ್ನು ಮೈಮೇಲೆ, ಸಾರನ್ನು ಅನ್ನದ ಮೇಲೆ, ಕೋಟನ್ನು ಮೊಳೆಗೆ, ಬೀಗವನ್ನು ಬಾಗಿಲಿಗೆ, ದುಡ್ಡನ್ನು ಮಗಳ ಓದಿನ ಮೇಲೆ. ಈ ಚಿತ್ರ ಕಣ್ಣಿಗೆ ಕಟ್ಟಿದರೆ ಹತ್ತು ಅರ್ಥದ ಪಟ್ಟಿ ಹರಿದುಹಾಕಬಹುದು.

ಅಂದರೂ ಕೆಲವು ಬಳಕೆಗಳಿಗೆ ಕನ್ನಡವೂ ಕೈ ಕೊಡುತ್ತದೆ. ಅವನ್ನು ಬೇರೆಯಾಗಿ ಕಲಿಯಲೇಬೇಕು. ‘ಎಂಜಿನ್ ಒ ಕಕೆರು’ ಅಂದರೆ ಗಾಡಿ ಸ್ಟಾರ್ಟ್ ಮಾಡು. ‘ನಿ ಕಕೆರು ಸನ್ ವ ರೊಕು’ ಅಂದರೆ ಎರಡು ಮೂರ್ಲೆ ಆರು. ಇಲ್ಲಿ ‘ನಿ’ ಎಂಬುದು ಎರಡು ಎಂಬ ಸಂಖ್ಯೆ, ಪ್ರತ್ಯಯವಲ್ಲ. ‘ಕೊಶಿ ಒ ಕಕೆರು’ ಅಂದರೆ ಕುರ್ಚಿಯಲ್ಲಿ ಕೂರು. ‘ಕೊಶಿ’ ಅಂದರೆ ಸೊಂಟ.

ಈ ಕೊನೆಯದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಜಪಾನಿಗೆ ಹೋದ ಮೊದಲ ತಿಂಗಳು ವಿಳಾಸ ನೋಂದಾಯಿಸಲು ಅಲ್ಲಿನ ಒಂದು ಕಚೇರಿಗೆ ಹೋಗಿದ್ದೆ. ಕೌಂಟರಿನ ಹೆಂಗಸು ನಗುತ್ತಾ ‘ದೋಜೊ, ಒಕಕೆ ಕುದಸೈ’ ಅಂದರು. ‘ಕಕು’ ಅಂದರೆ ಬರೆ ಎಂದು ನನಗೆ ಗೊತ್ತಿತ್ತು. ಏನೋ ಬರೆಯಲು ಹೇಳುತ್ತಿದ್ದಾರೆ ಅಂದುಕೊಂಡೆ. ಬ್ಯಾಗಿನಿಂದ ಪೆನ್ನು ತೆಗೆದು ಅರ್ಜಿ ಎಲ್ಲಿದೆ ಎಂದು ಹುಡುಕತೊಡಗಿದೆ. ಆಕೆ ಕೌಂಟರಿನಿಂದ ಹೊರಗೆ ಬಂದರು. ನನ್ನ ಪಕ್ಕದ ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟರು. ಅದೇ ಮಾತನ್ನು ಇನ್ನೊಮ್ಮೆ, ನಿಧಾನವಾಗಿ ಹೇಳಿದರು. ಕೂತೆ. ಕುರ್ಚಿ ಮೇಲಿನ ಆ ಕೈ ಇವತ್ತಿಗೂ ಕಣ್ಣ ಮುಂದಿದೆ. ‘ಒಕಕೆ ಕುದಸೈ’ ಅಂದರೆ ‘ದಯವಿಟ್ಟು ಕೂತುಕೊಳ್ಳಿ’ ಎಂಬುದನ್ನು ನಾನು ಮತ್ತೆಂದೂ ಓದಿ ನೆನಪು ಮಾಡಿಕೊಳ್ಳಬೇಕಾಗಲಿಲ್ಲ. ಪದ ಒಂದು ಜಾಗಕ್ಕೆ, ಒಂದು ಮುಖಕ್ಕೆ ಅಂಟಿಕೊಂಡರೆ ಹಾಗೇ ಆಗುತ್ತದೆ.

ಇನ್ನು ಇದರ ಜೊತೆಗಾರ ಪದ, ‘ಕಕರು’. ನಿಮ್ಮ ಪಟ್ಟಿಯಲ್ಲಿ ಇದು ಬೇರೆ ಸಾಲಿನಲ್ಲಿ ಇರುತ್ತದೆ, ಬಹುಶಃ ಬೇರೆ ಪುಟದಲ್ಲೂ. ಒಟ್ಟಿಗೇ ಕಲಿಯಿರಿ. ಜಪಾನಿಯಲ್ಲಿ ಇಂಥ ಜೋಡಿಗಳು ತುಂಬಾ ಇವೆ. ನಾವು ಮಾಡುವುದಕ್ಕೆ ಒಂದು, ತಾನೇ ಆಗುವುದಕ್ಕೆ ಇನ್ನೊಂದು. ಕಲಿಯುವವರು ಜಾಸ್ತಿ ಎಡವುವುದು ಇಲ್ಲೇ. ಆದರೆ ಕನ್ನಡದಲ್ಲಿ ‘ಹಾಕು’ವಿಗೆ ಇಂಥದ್ದೇ ಒಂದು ಜೋಡಿ ಇದೆ, ‘ಬೀಳು’. ನಾವು ಬೀಗ ಹಾಕುತ್ತೇವೆ, ಅಂಗಡಿಗೆ ಬೀಗ ಬೀಳುತ್ತದೆ. ಬ್ರೇಕ್ ಹಾಕುತ್ತೇವೆ, ಬ್ರೇಕ್ ಬೀಳುತ್ತದೆ. ತೆರಿಗೆ ಹಾಕುತ್ತಾರೆ, ತೆರಿಗೆ ಬೀಳುತ್ತದೆ. ಜಪಾನಿಯಲ್ಲೂ ಹಾಗೇ: ‘ಕಗಿ ಒ ಕಕೆರು, ಕಗಿ ಗ ಕಕರು.’ (ಈ ‘ಗ’ ಕರ್ತೃವನ್ನು ತೋರಿಸುವ ಪ್ರತ್ಯಯ.) ‘ಬುರೇಕಿ ಒ ಕಕೆರು, ಬುರೇಕಿ ಗ ಕಕರು.’ ‘ಜೇ ಒ ಕಕೆರು, ಜೇ ಗ ಕಕರು.’

ಇಷ್ಟಕ್ಕೇ ನಿಲ್ಲುವುದಿಲ್ಲ. ಬಲೆಗೆ ಬೀಳು ಎನ್ನಲು ‘ವನ ನಿ ಕಕರು’. ಕಾಯಿಲೆ ಬೀಳು ಎನ್ನಲು ‘ಬ್ಯೋಕಿ ನಿ ಕಕರು’. ಆಟೋದವರನ್ನು ‘ಎಷ್ಟು ಬೀಳುತ್ತೆ?’ ಎಂದು ಕೇಳುತ್ತೇವಲ್ಲ, ಅದೇ ‘ಇಕುರ ಕಕರಿಮಸ್ ಕ?’ ನಾನು ಇದನ್ನು ಮೊದಲು ಗಮನಿಸಿದಾಗ ನೋಟ್‌ಬುಕ್ಕಿನ ಅಂಚಿನಲ್ಲಿ ‘ಕಕೆರು-ಹಾಕು, ಕಕರು-ಬೀಳು’ ಎಂದು ದೊಡ್ಡದಾಗಿ ಬರೆದುಕೊಂಡಿದ್ದೆ. ನೀವೂ ಬರೆದುಕೊಳ್ಳಿ. ಎರಡು ಕಡೆ ಮಾತ್ರ ಹುಷಾರು. ಸಮಯಕ್ಕೆ ನಾವು ‘ಹಿಡಿಯುತ್ತೆ’ ಅನ್ನುತ್ತೇವೆ, ಅವರು ‘ಕಕರು’ ಅನ್ನುತ್ತಾರೆ: ‘ಯೊಜಿಕನ್ ಕಕರಿಮಸ್’, ನಾಲ್ಕು ಗಂಟೆ ಹಿಡಿಯುತ್ತೆ. ಫೋನು ನಮಗೆ ಬರುತ್ತದೆ, ಅವರಿಗೆ ‘ಕಕತ್ತೆ ಕುರು’, ಅಂದರೆ ಬಿದ್ದು ಬರುತ್ತದೆ: ‘ಹಹ ಕರ ದೆನ್ವ ಗ ಕಕತ್ತೆ ಕಿಮಶಿತ’, ಅಮ್ಮನಿಂದ ಫೋನ್ ಬಂತು.

ಜೋಡಿಗಳು ಕೂತ ಮೇಲೆ ವಾಕ್ಯವನ್ನು ಉದ್ದ ಮಾಡುವುದು. ಇಲ್ಲೂ ಇಂಗ್ಲಿಷ್ ದಾರಿ ಸುತ್ತು, ಕನ್ನಡ ದಾರಿ ನೇರ. ‘ಕಕೆರು’ವಿನ ‘ತೆ’ ರೂಪ ‘ಕಕೆತೆ’. ನಮ್ಮ ‘ಹಾಕಿ’ ಅದೇ. ‘ಹಾಕಿ’ ಮುಂದೆ ನಾವು ನೋಡು, ಇಡು, ಇರು, ಬಿಡು ಎಲ್ಲ ಸೇರಿಸುತ್ತೇವಲ್ಲ? ಅವರೂ ಸೇರಿಸುತ್ತಾರೆ. ‘ಮೆಗನೆ ಒ ಕಕೆತೆ ಮಿಮಶಿತ’: ಕನ್ನಡಕ ಹಾಕಿ ನೋಡಿದೆ. ‘ಮಿರು’ ಅಂದರೆ ನಿಜವಾಗಿಯೂ ನೋಡು. ‘ಕಗಿ ಒ ಕಕೆತೆ ಒಇತೆ ಕುದಸೈ’: ಬೀಗ ಹಾಕಿಟ್ಟಿರಿ. ‘ಒಕು’ ಅಂದರೆ ನಿಜವಾಗಿಯೂ ಇಡು. ‘ಮೆಗನೆ ಒ ಕಕೆತೆ ಇರು’: ಕನ್ನಡಕ ಹಾಕಿಕೊಂಡಿದ್ದಾರೆ. ಆ ‘ಇರು’ ನಮ್ಮ ‘ಇರು’ವೇ, ಸದ್ದೂ ಅದೇ, ಅರ್ಥವೂ ಅದೇ. ‘ಶೋಯು ಒ ಕಕೆತೆ ಶಿಮೈಮಶಿತ’: ಸೋಯಾ ಸಾಸ್ ಹಾಕಿಬಿಟ್ಟೆ. ಈ ‘ಬಿಟ್ಟೆ’ಯಲ್ಲಿ ಇರುವ ‘ಅಯ್ಯೋ’ ಜಪಾನಿಯ ‘ಶಿಮೈಮಶಿತ’ದಲ್ಲೂ ಇದೆ. ‘ಮೆಗನೆ ಒ ಕಕೆತ ಹಿತೊ’: ಕನ್ನಡಕ ಹಾಕಿದ ಮನುಷ್ಯ. ಪದಗಳ ಸಾಲು ಒಂದಿಷ್ಟೂ ಅದಲು ಬದಲಾಗಿಲ್ಲ ನೋಡಿ. ಇಂಗ್ಲಿಷ್‌ನಲ್ಲಿ ಯೋಚನೆ ಮಾಡುವವರು ಈ ಕೊನೆಯ ತರಹದ ವಾಕ್ಯವನ್ನು ಹಿಂದಿನಿಂದ ಮುಂದಕ್ಕೆ ತಿರುಗಿಸಬೇಕು. ನಿಮಗೆ ಆ ಕೆಲಸವೇ ಇಲ್ಲ.

ಈಗ ದಿನದ ಅಭ್ಯಾಸ. ದಿನಕ್ಕೆ 20 ಪದ ಬಿಡಿ, ಐದು ಮಾಡಿ. ಒಂದು ಹೊಸ ಜೋಡಿ ಸಿಕ್ಕ ದಿನವೇ ಅದರಲ್ಲಿ ಮೂರು ವಾಕ್ಯ ಬರೆಯಿರಿ. ಒಂದೇ ಷರತ್ತು: ಮೂರೂ ನಿಮ್ಮ ಬದುಕಿನಲ್ಲಿ ನಿಜವಾಗಿ ನಡೆದದ್ದಾಗಿರಬೇಕು. ‘ತನಕ ಸಾನ್ (ತನಕ ಎಂಬ ಹೆಸರಿನವರು) ಗೋಡೆಗೆ ಚಿತ್ರ ಹಾಕಿದರು’ ಎಂಬ ಪುಸ್ತಕದ ವಾಕ್ಯ ನಾಳೆ ಮರೆತುಹೋಗುತ್ತದೆ. ತನಕ ಯಾರೋ, ಚಿತ್ರ ಯಾವುದೋ. ‘ಕಿನೋ ಹಹ ನಿ ದೆನ್ವ ಒ ಕಕೆಮಶಿತ’, ನಿನ್ನೆ ಅಮ್ಮನಿಗೆ ಫೋನ್ ಹಾಕಿದೆ. ಇದು ನಿಮ್ಮದು. ‘ನೆರು ಮಎ ನಿ, ಹೆಯ ನಿ ಕಗಿ ಒ ಕಕೆಮಸ್’, ಮಲಗುವ ಮೊದಲು ರೂಮಿಗೆ ಬೀಗ ಹಾಕುತ್ತೇನೆ. ‘ಗೊಹನ್ ನಿ ಸಂಬರು ಒ ಕಕೆತೆ ತಬೆಮಸ್’, ಅನ್ನಕ್ಕೆ ಸಾಂಬಾರ್ ಹಾಕಿ ತಿನ್ನುತ್ತೇನೆ. ಕೆಲಸ ಮಾಡುವಾಗಲೇ ವಾಕ್ಯ ಹೇಳಿ. ರೂಮಿನ ಬಾಗಿಲಿಗೆ ಬೀಗ ಹಾಕುತ್ತಾ ಬಾಯಿಬಿಟ್ಟು ‘ಕಗಿ ಒ ಕಕೆಮಸ್’ ಅನ್ನಿ. ಕೈ ತಿರುಗುವುದೂ ಮಾತು ಬರುವುದೂ ಒಟ್ಟಿಗೆ ಆಗಲಿ. ಮರುದಿನ ಅದೇ ವಾಕ್ಯದ ರೂಪ ಬದಲಾಯಿಸಿ. ಹಾಕಲಿಲ್ಲ: ‘ಕಕೆಮಸೆನ್ ದೆಶಿತ’. ಹಾಕಬೇಡಿ: ‘ಕಕೆನೈದೆ ಕುದಸೈ’. ಹಾಕಿದರೂ ಪರವಾಗಿಲ್ಲ: ‘ಕಕೆತೆ ಮೊ ಈ’.

ಕಾರ್ಡ್ ಆ್ಯಪ್ ಬಳಸುತ್ತಿದ್ದರೆ ಒಳ್ಳೆಯದೇ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು, ಕಲಿತದ್ದು ಮೊದಲ ಕೆಲವು ದಿನಗಳಲ್ಲೇ ಬೇಗ ಮರೆಯುತ್ತದೆ ಎಂದು 1885ರಲ್ಲೇ ಬರೆದರು. ಬಿಟ್ಟು ಬಿಟ್ಟು ಮತ್ತೆ ನೋಡಿದರೆ ನಿಲ್ಲುತ್ತದೆ. ‘ಅಂಕಿ’ ಎಂಬ ಆ್ಯಪ್ ಇದೇ ಲೆಕ್ಕದಲ್ಲಿ ಕಾರ್ಡುಗಳನ್ನು ಮತ್ತೆ ಮತ್ತೆ ತೋರಿಸುತ್ತದೆ. ಜಪಾನಿಯಲ್ಲಿ ‘ಅಂಕಿ’ ಅಂದರೆ ಬಾಯಿಪಾಠ ಎಂದೇ ಅರ್ಥ. ಆದರೆ ಕಾರ್ಡಿನ ಒಂದು ಕಡೆ ‘ಕಕೆರು’, ಇನ್ನೊಂದು ಕಡೆ ಹತ್ತು ಅರ್ಥ ಇದ್ದರೆ ಏನೂ ಉಪಯೋಗವಿಲ್ಲ. ಮುಂದೆ ಕನ್ನಡದ ಪೂರ್ತಿ ವಾಕ್ಯ ಇರಲಿ, ‘ಬಾಗಿಲಿಗೆ ಬೀಗ ಹಾಕಿದ್ಯಾ?’ ಎಂದು. ಹಿಂದೆ ‘ದೊಅ ನಿ ಕಗಿ ಒ ಕಕೆತ?’ ಇರಲಿ. ಒಂದು ಕಾರ್ಡಿಗೆ ಒಂದೇ ಬಳಕೆ. ಕನ್ನಡ ನೋಡಿ ಜಪಾನಿ ಹೇಳಬೇಕು, ತಿರುಗಿಸಿ ಮಾಡಬೇಡಿ. ನೋಡಿ ಅರ್ಥ ಮಾಡಿಕೊಳ್ಳುವುದು ನಿಮಗೆ ಈಗಾಗಲೇ ಬರುತ್ತದೆ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ನೀವು ಬರೆಯಲಿರುವ ಪರೀಕ್ಷೆ, ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ, 1984ರಲ್ಲಿ ಶುರುವಾದದ್ದು. 2010ರಲ್ಲಿ ಅದನ್ನು ಎನ್5ರಿಂದ ಎನ್1ರ ತನಕ ಐದು ಹಂತ ಮಾಡಿದರು. ಆಗಿನಿಂದ ಇಂತಿಷ್ಟೇ ಪದ ಎಂಬ ಅಧಿಕೃತ ಪಟ್ಟಿ ಬರುವುದಿಲ್ಲ. ನಿಮ್ಮ ಕೈಯಲ್ಲಿರುವ ಪಟ್ಟಿ ಯಾರೋ ಅಂದಾಜಿನ ಮೇಲೆ ಮಾಡಿದ್ದು. ಇನ್ನೂ ಮುಖ್ಯವಾದದ್ದು ಏನೆಂದರೆ, ಪರೀಕ್ಷೆಯಲ್ಲಿ ಎಲ್ಲವೂ ಸರಿಯುತ್ತರ ಆರಿಸುವ ಪ್ರಶ್ನೆ. ಮಾತಾಡುವ ಭಾಗ ಇಲ್ಲ, ಬರೆಯುವ ಭಾಗ ಇಲ್ಲ. ಬಾಯಿಂದ ಒಂದು ವಾಕ್ಯವನ್ನೂ ಹೇಳದೆ ನೀವು ಎನ್4 ಪಾಸಾಗಬಹುದು. ಆಮೇಲೆ ವಿಮಾನ ಹತ್ತಿ ಹೋಗಿ ಎಂಬತ್ತು ದಾಟಿದ ಅಜ್ಜಿಯೊಬ್ಬರ ಹಾಸಿಗೆ ಪಕ್ಕ ನಿಂತಾಗ ಯಾರೂ ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸಿ ಅನ್ನುವುದಿಲ್ಲ.

ಅನುಮಾನ ಬಂದಾಗ ಪರೀಕ್ಷಿಸಿ ನೋಡಲು ಒಂದು ಒಳ್ಳೆ ಜಾಗ ಇದೆ. ಜಪಾನಿನ ರಾಷ್ಟ್ರೀಯ ಭಾಷಾ ಸಂಸ್ಥೆ ಪುಸ್ತಕ, ಪತ್ರಿಕೆ, ಬ್ಲಾಗು ಎಲ್ಲ ಸೇರಿಸಿ ಸುಮಾರು 10 ಕೋಟಿ ಪದಗಳ ಸಂಗ್ರಹ ಮಾಡಿದೆ. ‘ಶೋನಗೊನ್’ ಎಂಬ ಅದರ ಹುಡುಕುವ ತಾಣದಲ್ಲಿ ದುಡ್ಡಿಲ್ಲದೆ ಹುಡುಕಬಹುದು. ‘ಬೋಶಿ ಒ ಕಬು’ ಎಂದು ಒಮ್ಮೆ, ‘ಬೋಶಿ ಒ ಕಕೆ’ ಎಂದು ಒಮ್ಮೆ ಜಪಾನಿ ಲಿಪಿಯಲ್ಲಿ ಕೊಟ್ಟು ನೋಡಿ. ಮೊದಲನೆಯದಕ್ಕೆ ಸಾಲು ಸಾಲು ವಾಕ್ಯ ಬರುತ್ತವೆ. ಎರಡನೆಯದಕ್ಕೆ ಬಂದರೂ ಅಲ್ಲಿ ಟೋಪಿ ಇರುವುದು ಮೊಳೆಯ ಮೇಲೆ, ತಲೆಯ ಮೇಲಲ್ಲ. ನಿಜವಾದ ಜಪಾನಿಯವರು ಬರೆದ ವಾಕ್ಯಗಳು ಅವು. ಯಾವ ಶಿಕ್ಷಕರಿಗಿಂತಲೂ, ನನಗಿಂತಲೂ, ಅವನ್ನು ಹೆಚ್ಚು ನಂಬಿ.

ಲಿಪಿ ಎಂದಾಗ ಒಂದು ಮಾತು. ನಾನು ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದಿದ್ದೇನೆ, ನೀವು ಜಪಾನಿನ ಅಕ್ಷರಮಾಲೆಯಾದ ಹಿರಗನದಲ್ಲೇ ಬರೆದುಕೊಳ್ಳಿ. ಬರೆಯಬಲ್ಲೆ, ಓಡು, ಪಣಕ್ಕಿಡು, ಚೂರು ಮುರಿದುಹೋಗು, ಈ ನಾಲ್ಕಕ್ಕೂ ಜಪಾನಿಯಲ್ಲಿ ‘ಕಕೆರು’ ಎಂದೇ ಹೇಳುವ ಬೇರೆ ಪದಗಳಿವೆ. ಹಿರಗನದಲ್ಲಿ ಅವೆಲ್ಲ ಒಂದೇ ಥರ ಕಂಡರೂ, ಕಂಜಿಯಲ್ಲಿ, ಅಂದರೆ ಚೀನಾದಿಂದ ಬಂದ ಅಕ್ಷರಗಳಲ್ಲಿ, ಬೇರೆ ಬೇರೆ ಕಾಣುತ್ತವೆ. ನಮ್ಮ ‘ಹಾಕು’ವಿನ ಕಂಜಿಯ ಎಡಗಡೆ ‘ಕೈ’ ಎಂಬ ಚಿಹ್ನೆ ಇದೆ, ಅದನ್ನು ಗುರುತಿಟ್ಟುಕೊಂಡರೆ ಸಾಕು. ಬೀಗಕ್ಕೂ ಫೋನಿಗೂ ಹೆಚ್ಚಾಗಿ ಹಿರಗನದಲ್ಲೇ ಬರೆಯುತ್ತಾರೆ. ಉಚ್ಚಾರದಲ್ಲಿ ನಿಮಗೆ ಕಷ್ಟವಾಗಬಾರದು. ಕನ್ನಡದಲ್ಲಿ ಎ-ಏ, ಒ-ಓ ಬೇರೆ ಬೇರೆ ಇರುವುದರಿಂದ ಜಪಾನಿಯ ಗಿಡ್ಡ, ಉದ್ದ ಸ್ವರಗಳು ನಿಮ್ಮ ಕಿವಿಗೆ ಸಲೀಸಾಗಿ ಸಿಗುತ್ತವೆ. ಅದನ್ನು ಬಿಟ್ಟುಕೊಡಬೇಡಿ. ‘ಒಬಸನ್’ ಅಂದರೆ ಅತ್ತೆ ಚಿಕ್ಕಮ್ಮನ ವಯಸ್ಸಿನವರು, ‘ಒಬಾಸನ್’ ಅಂದರೆ ಅಜ್ಜಿ.

ಇನ್ನು ನಿಮ್ಮ ಕೆಲಸದ ಜಾಗಕ್ಕೆ ಬರುತ್ತೇನೆ. ಆರೈಕೆ ಕೆಲಸಕ್ಕೆ ಜಪಾನಿಯಲ್ಲಿ ‘ಕೈಗೊ’ ಅನ್ನುತ್ತಾರೆ. ಅಲ್ಲಿ ‘ಕಕೆರು’ ಇಲ್ಲದ ಗಂಟೆಯೇ ಇರುವುದಿಲ್ಲ. ಹೊದೆಯುವ ದಪ್ಪ ಹೊದಿಕೆ ‘ಕಕೆಬುತೊನ್’. ತೊಡೆ ಮೇಲೆ ಹಾಕುವ ಸಣ್ಣ ಹೊದಿಕೆ ‘ಹಿಜಕಕೆ’. ಸ್ನಾನ ಮಾಡಿಸುವಾಗ ‘ಒಯು ಒ ಕಕೆಮಸ್ ನೆ’, ಬಿಸಿನೀರು ಹಾಕ್ತೀನಿ ಆಯ್ತಾ, ಎಂದು ಹೇಳಿ ಆಮೇಲೆ ನೀರು ಹಾಕಬೇಕು. ನಮ್ಮಲ್ಲಿ ಬಾಣಂತಿಗೆ ನೀರು ಹಾಕುತ್ತಾರಲ್ಲ, ಆ ‘ಹಾಕು’ವೇ ಇದು.

ಗೌರವದ ರೂಪದಲ್ಲಿ ಮಾತ್ರ ಎಚ್ಚರ. ‘ಒಕಕೆ ಕುದಸೈ’ ಅಂದರೆ ಅವರು ಕೂರಬೇಕು, ಇದು ಅವರ ಕೆಲಸವನ್ನು ಎತ್ತಿ ಹೇಳುವ ಮಾತು. ‘ಒಕಕೆ ಶಿಮಸ್’ ಅಂದರೆ ನಾನು ಹಾಕುತ್ತೇನೆ, ಇದು ನನ್ನ ಕೆಲಸವನ್ನು ತಗ್ಗಿಸಿ ಹೇಳುವ ಮಾತು. ‘ಹಿಜಕಕೆ ಒ ಒಕಕೆ ಶಿಮಸ್ ನೆ’ ಎಂದು ಹೇಳಿ ತೊಡೆ ಮೇಲೆ ಹೊದಿಸಿದರೆ ಅಜ್ಜಿಯ ಮುಖವೇ ಬೇರೆಯಾಗುತ್ತದೆ. ರೈಲು ತಡವಾದಾಗ ಧ್ವನಿವರ್ಧಕದಲ್ಲಿ ಕೇಳುವ ‘ಗೊಮೇವಕು ಒ ಒಕಕೆ ಶಿತೆ ಮೋಶಿವಕೆ ಗೊಜೈಮಸೆನ್’ (ನಿಮಗೆ ತೊಂದರೆಯಾದದ್ದಕ್ಕೆ ಕ್ಷಮಿಸಿ) ಕೂಡ ಇದೇ ತಗ್ಗಿಸುವ ರೂಪ. ‘ಮೇವಕು’ ಅಂದರೆ ಬೇರೆಯವರಿಗೆ ಆಗುವ ತೊಂದರೆ. ಅದನ್ನೂ ಅವರ ಮೇಲೆ ‘ಹಾಕಿದೆವು’ ಎಂದೇ ಹೇಳುತ್ತಾರೆ, ‘ಕೊಟ್ಟೆವು’ ಎಂದಲ್ಲ.

ಎಲ್ಲಕ್ಕಿಂತ ಮೊದಲು ಕಲಿಯಬೇಕಾದ ಜೋಡಿ ‘ಕೊಎ ಒ ಕಕೆರು’. ‘ಕೊಎ’ ಅಂದರೆ ದನಿ. ಏನಾದರೂ ಬೇಕಿದ್ದರೆ ಒಂದು ಕೂಗು ಹಾಕಿ ಅನ್ನುತ್ತೇವಲ್ಲ, ಅದನ್ನೇ ಅವರು ‘ನನಿಕ ಅತ್ತರ ಕೊಎ ಒ ಕಕೆತೆ ಕುದಸೈ’ ಅನ್ನುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಸೀನಿಯರ್ ಒಬ್ಬರ ಬಾಯಲ್ಲಿ ಈ ಮಾತು ಕೇಳುತ್ತೀರಿ. ಕೈಗೊದಲ್ಲಿ ‘ಕೊಎಕಕೆ’ ಎಂಬುದು ಒಂದು ಪಾಠವೇ ಆಗಿದೆ. ಮೈ ಮುಟ್ಟುವ ಮೊದಲು, ಗಾಲಿಕುರ್ಚಿ ತಳ್ಳುವ ಮೊದಲು, ಮಗ್ಗುಲು ಬದಲಿಸುವ ಮೊದಲು ಮಾತಾಡಿಸಬೇಕು. ಕೂಗಬಾರದು. ಬಗ್ಗಿ, ಅವರ ಕಣ್ಣಿನ ಮಟ್ಟಕ್ಕೆ ಬಂದು ಹೇಳಬೇಕು. ‘ಕೊಎ ಒ ಕಕೆತೆ ಕರ, ಕರದ ನಿ ಸವರಿಮಸ್’: ಮಾತಾಡಿಸಿದ ಮೇಲೆ ಮೈ ಮುಟ್ಟುತ್ತೇನೆ. ನಿಮ್ಮ ನೋಟ್‌ಬುಕ್ಕಿನಲ್ಲಿ ‘ಕಕೆರು’ವಿನ ಮೊದಲ ವಾಕ್ಯ ಇದಾಗಿರಲಿ.

ಮುಂದಿನ ವಾರಕ್ಕೆ ‘ತೊರು’ ಎಂಬ ಪದ ತೆಗೆದುಕೊಳ್ಳಿ. ಫೋಟೊ ತೆಗೆ (‘ಶಶಿನ್ ಒ ತೊರು’), ಕನ್ನಡಕ ತೆಗೆ (‘ಮೆಗನೆ ಒ ತೊರು’), ಒಳ್ಳೆ ಮಾರ್ಕ್ಸ್ ತೆಗೆ (‘ಈ ತೆನ್ ಒ ತೊರು’). ಕನ್ನಡದ ‘ತೆಗೆ’ ಎಲ್ಲಿಯ ತನಕ ಜೊತೆಗೆ ಬರುತ್ತದೆ, ಎಲ್ಲಿ ಕೈ ಬಿಡುತ್ತದೆ ಎಂಬುದನ್ನು ಈ ಸಲ ನೀವೇ ಹುಡುಕಿ. ಬಾಗಿಲು ತೆಗೆಯುವುದರಿಂದ ಶುರು ಮಾಡಿ.